ರೊಟ್ಟಿ ಲೆಕ್ಕಕ್ಕೆ ಎರಡು ಹೆಸರು

ನಮ್ಮ ಮನೆಯಲ್ಲಿ ರೊಟ್ಟಿ ತಣ್ಣಗಾದರೆ ಅದಕ್ಕೆ ನನ್ನ ಒಲೆ ಕಾರಣವಲ್ಲ, ನನ್ನ ಮೈದುನ ಕಾರಣ. ಮೊಮ್ಮಕ್ಕಳೇ, ನಿಮ್ಮ ಸಣ್ಣಜ್ಜನ ಬಗ್ಗೆ ಹೀಗೆ ಬರೆದೆನೆಂದು ಅವನು ಸಿಟ್ಟಾಗುವವನಲ್ಲ. "ಇದಕ್ಕ ಪುರಾವೆ ಏನದ ವೈನಿ?" ಎಂದು ಕೇಳುತ್ತಾನೆ, ಅಷ್ಟೇ.

ರೋಣದ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮದುವೆಯಾಗಲಿಲ್ಲ, ಊಟ ನಮ್ಮ ಮನೆಯಲ್ಲೇ. ಕೂತ ಕೂಡಲೇ ಬುಟ್ಟಿಯ ರೊಟ್ಟಿಗಳನ್ನು ನೋಡುತ್ತಾನೆ. ದೊಡ್ಡದು ತಳದಲ್ಲಿ, ಸಣ್ಣದು ಮೇಲೆ ಇರಬೇಕು. ನನ್ನ ಕೈ ಅಚ್ಚಲ್ಲವಲ್ಲ, ಒಂದು ಹಿಗ್ಗುತ್ತದೆ, ಒಂದು ಕುಗ್ಗುತ್ತದೆ. ಹಾಗಾದರೆ ಒಂದೊಂದಾಗಿ ತೆಗೆದು ಜೋಡಿಸಿದರೆ ಆಯಿತಲ್ಲ? ಅದು ಮೋಸವಂತೆ. ರಾಶಿಯ ನಡುವೆ ಎಲ್ಲಾದರೂ ಕೈ ತೂರಿಸಿ, ಅದರ ಮೇಲಿರುವ ಅಷ್ಟನ್ನೂ ಒಟ್ಟಿಗೆ ಎತ್ತಿ ಬೋರಲು ಹಾಕಬೇಕು. ಅದೊಂದೇ ದಾರಿ. ಎಲ್ಲಕ್ಕಿಂತ ಕಡಿಮೆ ಸಲ ಬೋರಲು ಹಾಕಿ ರಾಶಿಯನ್ನು ಹೇಗೆ ಸರಿಪಡಿಸುವುದು ಎನ್ನುವುದೇ ಲೆಕ್ಕ. ದೇಶವಿದೇಶದ ಪಂಡಿತರು ಇದರ ಬೆನ್ನು ಹತ್ತಿದ್ದಾರಂತೆ. ಅವರ ಮನೆಗಳಲ್ಲೂ ಪಲ್ಯ ಆರುತ್ತಿರಬೇಕು, ಪಾಪ.

ಈ ಶಾಸ್ತ್ರ ಕಂಪ್ಯೂಟರಿಗೆ ಸೇರಿದ್ದು ಎಂದು ಅವನು ಹೇಳಿದಾಗ ನಾನು ನಂಬಲಿಲ್ಲ. ಕಂಪ್ಯೂಟರ್ ಮುಟ್ಟದೆ, ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಕೂತಲ್ಲೇ ಯೋಚಿಸುವ ಶಾಸ್ತ್ರವಂತೆ. ಮುಟ್ಟದೆ ಅಂದದ್ದು ಮಾತ್ರ ಖರೆ. ಗಜೇಂದ್ರಗಡದಲ್ಲಿ ಅವನ ಹಳೆಯ ಶಿಷ್ಯನ ಕಂಪ್ಯೂಟರ್ ಅಂಗಡಿ ಇದೆ. ಆ ಶಿಷ್ಯನನ್ನು ನಾವೆಲ್ಲ ಸಾಹೇಬ ಎಂದೇ ಕರೆಯುವುದು. ಆ ಸಾಹೇಬ ಒಮ್ಮೆ ನನ್ನೆದುರಿಗೇ ಹೇಳಿದ: "ಸರ್, ಜಗತ್ತಿನ ಕಂಪ್ಯೂಟರ್ ಎಲ್ಲಾ ಅಳೀತೀರಿ, ಇದನ್ನ ಚಾಲೂ ಮಾಡೋ ಗುಂಡಿ ಎಲ್ಲೈತಿ ಅಂತ ಗೊತ್ತಿಲ್ಲಲ್ರಿ."

"ಗುಂಡಿ ನಮ್ಮ ವಿಷಯದಾಗ ಬರೂದಿಲ್ಲೋ," ಎಂದ ನಿಮ್ಮ ಸಣ್ಣಜ್ಜ, ಬಹಳ ಗಂಭೀರವಾಗಿ.

ನರಗುಂದದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಇವನಿಲ್ಲ. ಹುಡುಕಿದರೆ ಅಡಿಗೆಯವರ ನಡುವೆ ನಿಂತು ಕಡಕ್ ರೊಟ್ಟಿಯ ರಾಶಿ ಬೋರಲು ಹಾಕುತ್ತಿದ್ದಾನೆ. ಮೆತ್ತನೆಯ ರೊಟ್ಟಿ ತಾಳಿಕೊಳ್ಳುತ್ತದೆ, ಕಡಕ್ ರೊಟ್ಟಿ ತಾಳುತ್ತದೆಯೇ? ಸುತ್ತಲೂ ಚೂರು. ಅಡಿಗೆಯವಳು ಸೊಂಟಕ್ಕೆ ಕೈ ಇಟ್ಟು ಕೇಳಿದಳು: "ಇವರು ಯಾರ ಕಡಿಯವರ್ರಿ? ಹೆಣ್ಣಿನ ಕಡಿಯೋ, ಗಂಡಿನ ಕಡಿಯೋ?"

ನಿಮ್ಮ ಅಜ್ಜ ಕೈ ತೊಳೆಯುತ್ತಾ ಹೇಳಿದರು: "ನಮಗೂ ಗೊತ್ತಿಲ್ಲ ತಂಗಿ. ನಾವೂ ಈಗ ಬಂದೇವಿ."

ಆದರೆ ಆ ಲೆಕ್ಕಕ್ಕೆ ಜೀವ ಬಂದದ್ದು ನಿಮ್ಮ ಅಜ್ಜನಿಂದಲೇ. ಒಂದು ದಿನ ಅಸೂಟಿಯ ಹೊಲದಿಂದ ಹಸಿದು ಬಂದು ಕೂತಿದ್ದರು. ತಮ್ಮ ಎಂದಿನಂತೆ ರಾಶಿ ಸರಿಪಡಿಸುತ್ತಿದ್ದ. ನಾನು ಹಂಚಿನಿಂದ ತೆಗೆದ ಬಿಸಿ ರೊಟ್ಟಿಯನ್ನು ಅದರ ಮೇಲೆ ಹಾಕಿದೆ. ನಿಮ್ಮ ಅಜ್ಜ ನಕ್ಕರು. "ಏ ತಮ್ಮಾ, ನೀ ಸಾಲು ಹಚ್ಚೂದರಾಗ ನಿಮ್ಮ ವೈನಿ ಹೊಸಾವು ಹಾಕ್ಕೋತನ ಹೋದ್ರ ಏನ್ ಮಾಡ್ತಿ? ಮುಂದಿಂದು ದೊಡ್ಡದೋ ಸಣ್ಣದೋ ನಿನಗೇನ್ ಗೊತ್ತು?"

ತಮ್ಮ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂತ. "ಅಣ್ಣಾ, ಇದನ್ನ ಯಾರೂ ಕೇಳಿಲ್ಲ."

"ಕೇಳಿದ್ರ ಊಟ ಆದ ಮ್ಯಾಲೆ ಕೇಳ್ತಿದ್ರು."

ಅವತ್ತಿನಿಂದ ಅವನಿಗೆ ಆ ಪ್ರಶ್ನೆಯೇ ಸಂಸಾರವಾಯಿತು. ಉತ್ತರ ಸಿಕ್ಕಿದೆ ಎನಿಸಿದಾಗ ಬರೆದು ಒಂದು ದೊಡ್ಡ ಸಮ್ಮೇಳನಕ್ಕೆ ಕಳಿಸಿದ. ಅವರು ಓದದೆ ವಾಪಸ್ ಕಳಿಸಿದರು. ಕಾರಣ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಆ ಸಮ್ಮೇಳನದಲ್ಲಿ ಬರೆದವರು ತಮ್ಮ ಹೆಸರು ಹೇಳಬಾರದಂತೆ, ಸುಳಿವನ್ನೂ ಕೊಡಬಾರದಂತೆ. ಪರೀಕ್ಷೆ ಮಾಡುವವರು ಮುಖ ನೋಡಿ ಮಣೆ ಹಾಕಬಾರದೆಂದು ಈ ಕಟ್ಟಳೆ. ಇವನು ತನ್ನ ಹೆಸರೇನೋ ತೆಗೆದಿದ್ದ. ಆದರೆ ಅಣ್ಣ ಕೇಳಿದ ಪ್ರಶ್ನೆಯನ್ನು ಅಣ್ಣನ ಹೆಸರಿಲ್ಲದೆ ಹೇಳಲು ಮನಸ್ಸಾಗದೆ, ಮೊದಲ ಪುಟದಲ್ಲೇ ಅಣ್ಣನ ಹೆಸರು, ಮನೆತನ, ಊರು, ತಾಲೂಕು ಎಲ್ಲ ಬರೆದು ನಮಸ್ಕಾರ ಹೇಳಿದ್ದ. ಮದುವೆ ಪತ್ರಿಕೆಯಲ್ಲೂ ಅಷ್ಟು ವಿವರ ಇರುವುದಿಲ್ಲ.

"ವೈನಿ, ನೀವು ಇಷ್ಟು ವರ್ಷ ಅಣ್ಣನ ಹೆಸರು ತಗೊಳ್ಳದನ ಹ್ಯಾಂಗ ಮಾತಾಡಿದ್ರಿ?" ಎಂದು ಕೇಳಿದ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವೆಂಬುದು ನಿಮಗೆ ಗೊತ್ತು. ಮದುವೆಯ ದಿನ ಹೊಸ್ತಿಲಲ್ಲಿ ತಡೆದು ಒಡಪು ಕೇಳುತ್ತಾರೆ. ಎರಡು ಸಾಲು ಪ್ರಾಸ ಕಟ್ಟಿ, ಅದರ ತುದಿಯಲ್ಲಿ ಮೆಲ್ಲಗೆ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುವುದು. ನಾನು ಅದನ್ನೂ ಹೇಳಲಿಲ್ಲ. ನಾಚಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನಿಂತೆ. ಕೊನೆಗೆ ನಿಮ್ಮ ಅಜ್ಜನೇ "ಬಿಡ್ರವಾ, ನನ್ನ ಹೆಸರು ನನಗ ಗೊತ್ತದ" ಎಂದು ನನ್ನನ್ನು ದಾಟಿಸಿಕೊಂಡರು. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆದ್ದರಿಂದ ಮೈದುನನಿಗೆ ನನಗೆ ಗೊತ್ತಿದ್ದಷ್ಟು ಹೇಳಿದೆ: "ಬ್ಯಾರೆಯವರ ಸುದ್ದಿ ಹೇಳಿದಂಗ ಹೇಳಬೇಕ್ರೀ ಮಾಸ್ತರ. 'ಅವರು ಹಿಂಗಂದ್ರು, ಅವರು ಹಂಗಂದ್ರು.' ಅಷ್ಟ."

ಅವನು ಹಾಗೇ ತಿದ್ದಿದ. ಎರಡನೆಯ ಸಲ ಮೂವರು ಓದಿದರು. ಕನ್ಯೆ ನೋಡಲು ಬಂದವರಂತೆಯೇ. ಒಬ್ಬರಿಗೆ ಹುಡುಗಿ ಚೆಂದ, ಒಬ್ಬರಿಗೆ ಎತ್ತರ ಸಾಲದು, ಇನ್ನೊಬ್ಬರು ಈ ಹುಡುಗಿಯನ್ನು ನೋಡದೆ ಪಕ್ಕದ ಮನೆಯವಳನ್ನು ವಿಚಾರಿಸಿದರು. ಸಂಬಂಧ ಕೂಡಲಿಲ್ಲ. "ನಿಜ ಜೀವನದಲ್ಲಿ ಇಂಥ ರಾಶಿ ಎಲ್ಲಿದೆ?" ಎಂದು ಒಬ್ಬರು ಬರೆದಿದ್ದರಂತೆ.

"ಅವರ ಮನಿಯಾಗ ರೊಟ್ಟಿ ಮಾಡೂದಿಲ್ಲೇನ್ರಿ?" ಎಂದು ಇವನು ಎರಡು ದಿನ ಗೊಣಗಿದ. "ತಪ್ಪು ಅಂದಿಲ್ಲಲ್ಲೋ, ಸಾಲದು ಅಂದಾರ. ಮತ್ತ ಕಳಿಸು," ಎಂದರು ನಿಮ್ಮ ಅಜ್ಜ.

ಆ ಮಳೆಗಾಲ ಮುಗಿಯುವುದರೊಳಗೆ ನಿಮ್ಮ ಅಜ್ಜ ತೀರಿಕೊಂಡರು. ರೊಟ್ಟಿಯ ರಾಶಿ ಸಣ್ಣದಾಯಿತು. ನಿಮ್ಮ ಸಣ್ಣಜ್ಜ ಅದನ್ನು ಮುಟ್ಟುವುದನ್ನು ಬಿಟ್ಟ. ಬಿಸಿ ಬಿಸಿ ತಿಂದು ಎದ್ದು ಹೋಗುತ್ತಿದ್ದ. ನನಗೆ ಅದನ್ನು ನೋಡಲಾಗಲಿಲ್ಲ. ಒಂದು ದಿನ ನಾನೇ ದೊಡ್ಡದನ್ನು ಮೇಲೆ, ಸಣ್ಣದನ್ನು ತಳದಲ್ಲಿ ಇಟ್ಟು ಬುಟ್ಟಿ ಮುಂದೆ ಸರಿಸಿದೆ. ಬಹಳ ಹೊತ್ತು ನೋಡಿದ. ಆಮೇಲೆ ಕೈ ತೂರಿಸಿದ.

"ಈ ಸಲ ಕಳಿಸ್ತೀನಿ ವೈನಿ. ಅವರು ಒಪ್ಪಿದ ಮ್ಯಾಲೆ ಹೆಸರು ಹಾಕಾಕ ಬಿಡ್ತಾರ. ಆಗ ಎರಡು ಹೆಸರು ಹಾಕ್ತೀನಿ, ಅಣ್ಣಂದು, ನಂದು. ಕೇಳಿದಾಂವ ಅಂವ, ಹೇಳಿದಾಂವ ನಾ. ಒಪ್ಪಲಿಲ್ಲಂದ್ರ ಎರಡೂ ಇಲ್ಲ."

ಕಳಿಸಬೇಕಾದ ಕಡೆಯ ದಿನ ರೋಣದಲ್ಲಿ ಗಾಳಿಮಳೆಗೆ ಕರೆಂಟ್ ಹೋಯಿತು, ಇಲ್ಲಿಯ ಇಂಟರ್ನೆಟ್ ಅಂಗಡಿ ಬಾಗಿಲು ತೆರೆಯಲಿಲ್ಲ. ದಿನ ಮುಗಿಯಿತು. ನಾನು ಅಳುಮುಖ ಮಾಡಿದರೆ ಇವನು ಬೆಳಿಗ್ಗೆ ಆರಾಮವಾಗಿ ಚಹಾ ಕುಡಿಯುತ್ತಿದ್ದಾನೆ. "ಭೂಮಿ ಮ್ಯಾಲೆ ಎಲ್ಲ್ಯಾರ ಒಂದು ಕಡೆ ನಿನ್ನಿ ಇನ್ನೂ ಉಳದಿದ್ರ ಗಡುವು ಮುಗಿಯೂದಿಲ್ಲ ವೈನಿ. ಅವರ ಕಾನೂನು ಹಂಗದ. ನಮಗ ಇವತ್ತ ಸಂಜಿ ತನಕಾ ನಿನ್ನೀನ."

ಇಷ್ಟು ಒಳ್ಳೆಯ ಕಾನೂನು ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ನಾನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಇಬ್ಬರೂ ಗಜೇಂದ್ರಗಡದ ಬಸ್ಸು ಹತ್ತಿದೆವು. ಸಾಹೇಬ ಗುಂಡಿ ಒತ್ತಿದ, ಕಾಗದ ಹೋಯಿತು. "ಯಾರ ಹೆಸರೂ ಇಲ್ಲಲ್ರಿ ಅಮ್ಮಾರ, ಇದು ಯಾರಿಗೆ ಮುಟ್ಟತೈತಿ?" ಎಂದು ಕೇಳಿದ. "ಮುಟ್ಟಬೇಕಾದವರಿಗೆ ಮುಟ್ಟತದಪಾ," ಎಂದೆ. ಅಷ್ಟು ಮಾತಾಡಿದ್ದೇ ನನಗೆ ಹೆಚ್ಚಾಯಿತು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಇವನು ಬಂದು ಕೂತವನೇ ರಾಶಿಯನ್ನು ನೋಡದೆ ಮೇಲಿನ ರೊಟ್ಟಿ ಮುರಿದ. ನನಗೆ ಗಾಬರಿ. "ಯಾಕ, ಮೈಯಾಗ ಆರಾಮಿಲ್ಲೇನು?"

"ತಗೊಂಡ್ರು ವೈನಿ."

"ಏನ್ ತಗೊಂಡ್ರು?"

"ನಮ್ಮ ರೊಟ್ಟಿ ಲೆಕ್ಕ. ಮೂರೂ ಮಂದಿ ಒಪ್ಪ್ಯಾರ. ಎರಡನೇದವರು ಏನ್ ಬರದಾರ ಗೊತ್ತದೇನ್ರಿ? ಉತ್ತರ ಚಲೋ ಅದ, ಪ್ರಶ್ನಿ ಅದಕ್ಕಿಂತ ಚಲೋ ಅದ ಅಂತ." ತುತ್ತು ಕೈಯಲ್ಲೇ ಇತ್ತು. "ನೋಡ್ರಿ, ಇಲ್ಲೂ ಅಣ್ಣನೇ ಗೆದ್ದ."

ಹೆಸರು ಹಾಕಿ ಕೊನೆಯ ಪ್ರತಿ ಕಳಿಸುವ ಮೊದಲು ಅದನ್ನು ಸಾಹೇಬನ ಅಂಗಡಿಯಲ್ಲಿ ಅಚ್ಚು ಹಾಕಿಸಿ ನನ್ನ ಮುಂದೆ ಹಿಡಿದ. ನಾನು ಹಂಚಿನ ಮುಂದಿದ್ದೆ. ಹಳ್ಳಿ ಸಾಲೆಯಲ್ಲಿ ಕಲಿತ ನನ್ನ ಇಂಗ್ಲಿಷು ಅಕ್ಷರ ಕೂಡಿಸಿ ಓದುವಷ್ಟು. ಮೇಲಿನ ಸಾಲು ನನ್ನಿಂದಾಗಲಿಲ್ಲ. ಅದರ ಕೆಳಗೆ ಎರಡು ಹೆಸರು. ಮೊದಲನೆಯದರ ಪಕ್ಕದಲ್ಲಿ ಸಣ್ಣ ಕತ್ತಿಯಂಥ ಗುರುತು. ಈಗ ಇಲ್ಲದವರಿಗೆ ಹಾಗೆ ಹಾಕುತ್ತಾರಂತೆ.

"ತಪ್ಪಿದ್ರ ಈಗ ಹೇಳಿಬಿಡ್ರಿ. ಆಮ್ಯಾಲೆ ತಿದ್ದಾಕ ಬರೂದಿಲ್ಲ."

"ಬರೋಬ್ಬರಿ ಅದ."

"ಓದದನ ಹ್ಯಾಂಗ ಹೇಳ್ತೀರಿ? ಪುರಾವೆ ಬೇಕಲ್ರಿ."

ಮದುವೆಯ ದಿನದ ಆ ಹೊಸ್ತಿಲಲ್ಲೇ ಮತ್ತೆ ನಿಂತಂತಾಯಿತು. ಈ ಸಲ ದಾಟಿಸಿಕೊಳ್ಳುವವರು ಇರಲಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿದೆ. ಒಡಪಿಲ್ಲ, ಪ್ರಾಸವಿಲ್ಲ. ನಿಮ್ಮ ಅಜ್ಜನ ಹೆಸರನ್ನು ಬಾಯಿಬಿಟ್ಟು ಹೇಳಿದೆ.

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಇವನು ಅದನ್ನು ತೆಗೆದು, ಅಳತೆ ನೋಡದೆ ಬುಟ್ಟಿಗೆ ಹಾಕಿದ. ನನ್ನ ಮುಖ ನೋಡಲಿಲ್ಲ.

"ಸರಿಯಾಗಿ ಕೇಳಲಿಲ್ಲ ವೈನಿ. ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದೆ.