ಮೋಶ್ ಬಾಲದ ಕೊಂಕು

ಆ ಬೆಳಿಗ್ಗೆ ಬಾಲದ ತುದಿ ಕೊಂಕದೇ ಇದ್ದಿದ್ದರೆ ಎರ್ಗಾಶ್ ಏಣಿ ಹತ್ತುತ್ತಲೇ ಇರಲಿಲ್ಲ.

ಬಾಲ ಪಕ್ಕದ ಮನೆಯ ಬೂದು ಬೆಕ್ಕು ಮೋಶ್‌ನದು. ಮೋಶ್‌ನ ಒಡತಿ ಸನೋಬರ್, ಗಂಡ ತೀರಿಕೊಂಡು ಆರು ವರ್ಷವಾದವಳು, ಮನೆಯಲ್ಲೇ ರೊಟ್ಟಿ ಸುಟ್ಟು ಮಾರುವವಳು. ಎರ್ಗಾಶ್ ಒಂಟಿ. ರೇಷ್ಮೆಯ ಊರಾದ ಈ ಮಾರ್ಗಿಲಾನಿನಲ್ಲಿ ಇಪ್ಪತ್ತು ವರ್ಷ ರೇಷ್ಮೆ ನೂಲನ್ನು ನೀಲಿಗೆ ಅದ್ದಿ ಅದ್ದಿ ಅವನ ಕೈಗಳು ಮೊಣಕೈವರೆಗೆ ಬದನೆಕಾಯಿಯಾಗಿದ್ದವು. ಎರಡು ಅಂಗಳಗಳ ನಡುವೆ ಒಂದೂವರೆ ಆಳೆತ್ತರದ ಮಣ್ಣಿನ ಗೋಡೆ. ಆರು ವರ್ಷದಿಂದ ಅವಳ ತಂದೂರಿನ ಹೊಗೆ ಈ ಕಡೆ ಬರುತ್ತಿತ್ತು, ಎಳ್ಳಿನ ವಾಸನೆ ಬರುತ್ತಿತ್ತು, ಕೆಮ್ಮು ಬರುತ್ತಿತ್ತು. ಅವಳು ಬರುವಂತಿರಲಿಲ್ಲ. ಗಂಡ ಸತ್ತವಳು ಬಾಗಿಲಲ್ಲಿ ನಿಂತು ಗಂಡಸಿನ ಜೊತೆ ಎರಡು ಮಾತಾಡಿದರೆ ಅದು ಹಾದರ. ಗಂಡಸರು ಇಡೀ ದಿನ ಚಹಾದಂಗಡಿಯಲ್ಲಿ ಕೂತು ಅವಳ ಬಗ್ಗೆ ಮಾತಾಡಿದರೆ ಅದು ಕೇರಿಯ ಕಾಳಜಿ.

ಹಾಗಾಗಿ ಬರುತ್ತಿದ್ದುದು ಮೋಶ್ ಒಂದೇ. ಮನೆಯೊಡತಿಯ ಮನಸ್ಸು ಬೆಕ್ಕಿನ ಬಾಲದಲ್ಲಿರುತ್ತದೆ ಎಂದು ಎರ್ಗಾಶನಿಗೆ ಹೇಳಿದವನು ಮಮಸಾಲಿ ತಾತ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ನೆಟ್ಟಗೆ ಎತ್ತಿದ ಬಾಲ ಒಲವು. ಬೀಸುವ ಬಾಲ ಸಿಟ್ಟು. ಉಬ್ಬಿದ ಬಾಲ ಹೆದರಿಕೆ. ಎರ್ಗಾಶ್ ನಂಬಿದ. ಗೋಡೆಯ ಆ ಕಡೆಯ ಸುದ್ದಿ ತಿಳಿಯಲು ಅವನಿಗೆ ಬೇರೆ ಪತ್ರಿಕೆ ಇರಲಿಲ್ಲ.

ಇವತ್ತು ಮಾತ್ರ ತಡಮಾಡುವಂತಿರಲಿಲ್ಲ. ಸನೋಬರಳನ್ನು ಮದುವೆಗೆ ಕೇಳಲು ನಮಂಗಾನ್ ಊರಿನಿಂದ ಹೆಂಗಸರು ಬರುವವರಿದ್ದರು. ಅವಳ ಅಣ್ಣನೇ ಕರೆಸಿದ್ದ. ಅವರು ತಂದ ರೊಟ್ಟಿಯನ್ನು ಅವಳು ಮುರಿದರೆ ಒಪ್ಪಿದಂತೆ, ಮಾತು ಮುಗಿಯಿತು. ಮುರಿದ ರೊಟ್ಟಿಯನ್ನು ಈ ಊರಲ್ಲಿ ಯಾರೂ ಮತ್ತೆ ಅಂಟಿಸಿದ್ದಿಲ್ಲ. ಬಾಲ ನೆಟ್ಟಗಿದ್ದರೆ ಅವರಿಗಿಂತ ಮೊದಲು ತನ್ನ ರೊಟ್ಟಿ ಕಳಿಸುವುದು ಎಂದು ಎರ್ಗಾಶ್ ನಿರ್ಧರಿಸಿದ್ದ. ಮೋಶ್ ಬಂತು. ಬಾಲ ನೆಟ್ಟಗಿತ್ತು. ತುದಿ ಮಾತ್ರ ಕೊಡೆಯ ಹಿಡಿಯಂತೆ ಕೊಂಕಿತ್ತು.

ಸರಿಯಾಗಿ ನೋಡೋಣವೆಂದು ಏಣಿ ಹತ್ತಿದ. ಎದುರುಮನೆಯ ನೋಜಿರಕ್ಕ ಆಗಲೇ ಒಳಗೆ ಬಂದಿದ್ದಳು.

“ಏನೋ ಎರ್ಗಾಶ್, ಎಲೆ ಉದುರಿದ ಚಪ್ಪರದಲ್ಲಿ ದ್ರಾಕ್ಷಿ ಹುಡುಕ್ತಿದೀಯಾ?”

“ಬಾಲ ನೋಡ್ತಿದೀನಿ ಅಕ್ಕ. ತುದಿ ಕೊಂಕಿದೆ.”

ಅವಳು ನಕ್ಕಿದ್ದರೆ ಅವನು ಬಚಾವಾಗುತ್ತಿದ್ದ. ನಗಲಿಲ್ಲ. ಹೋಗಿ ಮಮಸಾಲಿ ತಾತನನ್ನು ಕರೆತಂದಳು. ತಾತ ಕನ್ನಡಕ ಏರಿಸಿದ.

“ಕೊಂಕು ಅಂದ್ರೆ ಮನಸ್ಸಿದೆ, ಅನುಮಾನಾನೂ ಇದೆ.”

“ಯಾರ ಮೇಲೆ ಅನುಮಾನ?”

“ನಿನ್ನ ಕೈ ನೋಡ್ಕೊಳಯ್ಯ. ಮಸಿ ಕುಡಿಕೆ ಥರ ಇದೀಯ.”

ನಲ್ಲಿಯಲ್ಲಿ ನಾಲ್ಕು ತಿಂಗಳಿಂದ ನೀರಿಲ್ಲ ಎಂದು ಗೋಗರೆದರೂ ಬಾರದ ಕೇರಿ ಸಮಿತಿಯ ಯಜಮಾನ ಯುಲ್ದಾಶ್, ಬಾಲ ಕೊಂಕಿದೆ ಎಂದಾಗ ಹತ್ತು ನಿಮಿಷದಲ್ಲಿ ಬಂದ. ಹಿಂದೆಯೇ ಚಹಾದಂಗಡಿ ಪೂರ್ತಿ ಬಂತು. ವಾದ ಬೆಳೆಯಿತು. ಕೊನೆಗೆ ಯುಲ್ದಾಶ್, “ಕೊಂಕು ಒಪ್ಪಿಗೆ ಅನ್ನೋರು ಕೈ ಎತ್ತಿ” ಅಂದ. ಏಳು ಕೈ ಎದ್ದವು. ಎತ್ತದವರೂ ಏಳೇ ಜನ.

“ಕೊಬ್ಬು ತೋರಿಸು, ನೆಟ್ಟಗಾಗುತ್ತೆ” ಅಂದಳು ನೋಜಿರಕ್ಕ. ಬೆಕ್ಕಿನ ಬಾಲ ನೆಟ್ಟಗಾಗಲೆಂದು ಕುರಿಯ ಬಾಲದ ಕೊಬ್ಬು ಹಿಡಿದು ಎರ್ಗಾಶ್ ಮತ್ತೆ ಏಣಿ ಹತ್ತಿದ. ಮೂರನೇ ಮೆಟ್ಟಿಲು ಮುರಿದು ಬೂದಿಗುಂಡಿಗೆ ಬಿದ್ದ. ಬಾಲ ಶೀಗೆಪೊದೆಯಂತೆ ಉಬ್ಬಿತು. “ಹೋಯ್ತು, ಹೆದರಿಸಿಬಿಟ್ಟ” ಎಂದು ಒಬ್ಬ. “ಮೋಶ್, ಬಾ ಕಂದ, ಮೋಶ್” ಎಂದು ಹದಿನಾಲ್ಕು ಗಂಟಲು.

ಮೋಶ್ ಇಳಿದು ಬಂತು. ಕೊಬ್ಬು ತಿಂದಿತು. ಎರ್ಗಾಶ್ ಇವತ್ತಿಗೆಂದೇ ತೊಟ್ಟ ಹೊಸ ನಿಲುವಂಗಿಗೆ ಬೆನ್ನು ತಿರುಗಿಸಿ ಬಾಲವನ್ನು ಕಂಬದಂತೆ ಎತ್ತಿ ನಡುಗಿಸಿತು.

“ಇದೇ ಕಣೋ” ಅಂದ ತಾತ, ಕನ್ನಡಕ ತೆಗೆದು ಒರೆಸುತ್ತಾ. “ನಡುಗೋ ಬಾಲಕ್ಕಿಂತ ದೊಡ್ಡ ಪ್ರೀತಿ ಇಲ್ಲ.”

ಅಷ್ಟರಲ್ಲಿ ನಿಲುವಂಗಿ ಒದ್ದೆಯಾಯಿತು.

“ಗಂಡು ಅಂತ ಮೊದಲೇ ಹೇಳ್ಬಾರ್ದಾ?” ಎಂದು ತಾತ ಮೂಗು ಮುಚ್ಚಿಕೊಂಡ. ಯುಲ್ದಾಶ್ ಮಾತ್ರ ಅದನ್ನು ಒಪ್ಪಿಗೆಯೆಂದೇ ಸಾರಿದ. ನೋಜಿರಕ್ಕ ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಳು. ಎರ್ಗಾಶನ ಎದೆ ತೊಟ್ಟಿಯಲ್ಲಿ ಅದ್ದಿದ ನೂಲಿನ ಲಡಿಯಂತೆ ಭಾರವಾಗಿತ್ತು.

ನೋಜಿರಕ್ಕ ತಿರುಗಿ ಬಂದಾಗ ಜೊತೆಗೆ ಸನೋಬರ್ ಇದ್ದಳು. ಹಗಲುಹೊತ್ತಿನಲ್ಲಿ, ಎಲ್ಲರ ಎದುರು, ಅವನ ಬಾಗಿಲಲ್ಲಿ ನಿಂತಳು. ಮೊಣಕೈವರೆಗೆ ಹಿಟ್ಟು.

“ನಮಂಗಾನಿನವರು ಹತ್ತು ಗಂಟೆಗೇ ಬಂದ್ರು” ಅಂದಳು. ಕೇರಿಯ ಕಣ್ಣೆಲ್ಲ ಬಾಲದ ಮೇಲಿದ್ದುದರಿಂದ ಅವರು ಬಂದದ್ದನ್ನು ಯಾರೂ ಕಂಡಿರಲಿಲ್ಲ. “ಹಿಟ್ಟು ಉಬ್ಬಲಿ, ಚಹಾ ಕುದೀಲಿ ಅಂತ ಎರಡು ಗಂಟೆ ಹೊತ್ತು ತಳ್ಳಿದೆ ಎರ್ಗಾಶ್ ಅವರೇ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಈಗ ಕರೀತೀರಿ, ಇನ್ನೇನು ಕರೀತೀರಿ ಅಂತ. ಮೋಶ್ ಅನ್ನೋ ಹೆಸರು ನಲವತ್ತು ಸಲ ಬಂತು. ನನ್ನ ಹೆಸರು ಒಂದು ಸಲಾನೂ ಬರ್ಲಿಲ್ಲ.”

“ಸನೋಬರ್” ಅಂದ ಎರ್ಗಾಶ್.

ಅವಳು ಹುಳಿ ತಿಂದವಳಂತೆ ಕಣ್ಣು ಮುಚ್ಚಿದಳು. “ಅವರ ರೊಟ್ಟಿ ಮುರಿದಾಯ್ತು” ಅಂದಳು.

ಯುಲ್ದಾಶ್ ಮುಂದೆ ಬಂದ. “ಹಾಗೆಲ್ಲ ಆಗಲ್ಲಮ್ಮ. ಇಲ್ಲಿ ಸಮಿತಿ ಕೈ ಎತ್ತಿ ತೀರ್ಮಾನ ಮಾಡಿದೆ.”

“ಎಣಿಸೋವಾಗ ನನ್ನ ಕೈ ಸೇರಿಸ್ಕೊಂಡ್ರಾ ಯಜಮಾನ್ರೇ?”

ಅವಳು ಮೋಶ್‌ನ ತಲೆ ಸವರಿದಳು. “ಅವರ ಮನೇಲಿ ಬೆಕ್ಕು ಆಗಲ್ವಂತೆ. ನೀವೇ ಇಟ್ಕೊಳ್ಳಿ. ಇವನ ಮಾತು ನಿಮಗೆ ತಿಳಿಯುತ್ತಲ್ಲ.”

ಮಧ್ಯಾಹ್ನವೇ ಅವಳನ್ನು ಹತ್ತಿಸಿಕೊಂಡು ನಮಂಗಾನಿನವರ ಕಾರು ಹೋಯಿತು. ತಂದೂರಿನ ಕೊನೆಯ ಹೊಗೆ ಇನ್ನೂ ಗೋಡೆ ದಾಟಿ ಬರುತ್ತಿತ್ತು. ಎರ್ಗಾಶ್ ಅದರಲ್ಲೇ ಮುಖವೊಡ್ಡಿ ಕೂತಿದ್ದ. ಮೋಶ್ ಗೋಡೆಯ ಮೇಲೆ ಆ ಕಡೆಗೆ ಮುಖ ಮಾಡಿ ಕೂತಿತ್ತು. ಬಾಲ ಈ ಕಡೆಗೆ ಹಗ್ಗದಂತೆ ನೇತುಬಿದ್ದಿತ್ತು.

ಸಂಜೆ ಯುಲ್ದಾಶ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಒಬ್ಬನೇ ಬಂದ. ದನಿ ತಗ್ಗಿಸಿದ.

“ನನ್ನ ಹೆಂಡ್ತಿ ಒಂದು ವಾರದಿಂದ ಮಾತಾಡ್ತಿಲ್ಲ ಎರ್ಗಾಶ್. ಮನಸ್ಸಲ್ಲಿ ಏನಿದೆಯೋ ಗೊತ್ತಾಗ್ತಿಲ್ಲ. ಬೆಕ್ಕನ್ನ ಒಂದು ದಿನ ನಮ್ಮನೇಲಿ ಬಿಡ್ತೀಯಾ?”

“ಅವರನ್ನೇ ಕೇಳಿ.”

ಯುಲ್ದಾಶ್ ಹೊಟ್ಟೆ ಹಿಡಿದು ನಕ್ಕ. ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತು, ಗೋಡೆಯ ಕಡೆ ಗದ್ದ ಎತ್ತಿದ.

“ತಮಾಷೆ ಸಾಕಯ್ಯ. ಬಾಲ ಏನನ್ನುತ್ತೆ, ಅದನ್ನ ಹೇಳು.”