ಇಲಿ ತಲಿ, ಕಾಕಾನ ಅನುಮಾನ

ಮನಸ್ಸಿನ ಕಾಯಿಲೆ ತಿಳಕೊಳ್ಳಾಕ ಇಲಿ ಮಿದುಳಿನ ಚಿತ್ರ ತೆಗಿಯೋದು ನನ್ನ ಕೆಲಸ. ಲ್ಯಾಬಿನ್ಯಾಗ ಹಂಗ ಅಂದ್ರ ಯಾರೂ ತಿರುಗಿ ನೋಡಂಗಿಲ್ಲ. ರಜಾಕ್ಕ ನಮ್ಮ ಕಡೆ ಬಂದು ಹೇಳಿದೆ ಅಂದ್ರ ಮಾತ್ರ ಪ್ರತಿ ಸಲ ಒಂದು ತನಿಖಿ ಶುರುವಾಗತೈತಿ.

೧. ಕೂಡ್ಲಿಗಿ ಬಸ್ಸು

ಬಾಜೂಕ ಹೊಸಹಳ್ಳಿ ಕಡೆ ಅಜ್ಜಿ ಒಬ್ಬಾಕಿ ಕುಂತಿದ್ಲು. "ಏನು ಕೆಲಸ ಮಾಡ್ತೀಯವಾ?" ಅಂದ್ಲು.

"ಇಲಿ ತಲಿ ಫೋಟೋ ತೆಗಿತೀನಿ, ಅಜ್ಜಿ."

ಅಜ್ಜಿ ನನ್ನನ್ನ ಮ್ಯಾಲಿಂದ ಕೆಳತನ ನೋಡಿ, ತನ್ನ ಚೀಲ ಎತ್ತಿ ತೊಡಿ ಮ್ಯಾಲೆ ಇಟ್ಕೊಂಡ್ಲು. "ಸರಕಾರದ್ದೇನು?"

"ಹೌದು."

"ಇಲಿಗೂ ಆಧಾರ್ ಮಾಡಾಕತ್ತಾರ ಅನ್ನು! ಅದಕ್ಕ ನಮ್ಮ ರೇಷನ್ ಅಕ್ಕಿ ಕಮ್ಮಿ ಬರಾಕತ್ತೈತಿ."

೨. ಬಿಚ್ಚದ ನೋಡೋದು

ಹಗರಿಬೊಮ್ಮನಹಳ್ಳಿಯಾಗ ಸ್ಕೂಟರ್ ಕೈಕೊಡ್ತು. ಗ್ಯಾರೇಜಿನ ಚಾಚಾ ಎಂಜಿನ್ ಬಿಚ್ಚಿಕೋತ ನನ್ನ ಕೆಲಸ ಕೇಳಿದ್ರು. ಇಲಿ ತಲಿ ಕೊಯ್ಯಂಗಿಲ್ಲ, ದೊಡ್ಡ ಅಯಸ್ಕಾಂತದ ಮಷೀನಿನ್ಯಾಗ ಮಲಗಿಸಿದ್ರ ಒಳಗಿಂದೆಲ್ಲಾ ಕಾಣತೈತಿ ಅಂದೆ.

"ಸುಳ್ಳು ಹೇಳಬ್ಯಾಡ ಬೇಟಿ. ಬಿಚ್ಚದ ಒಳಗಿಂದು ಹೇಳೋ ಮೆಕ್ಯಾನಿಕ್ಕನ್ನ ನಾನಿನ್ನೂ ನೋಡಿಲ್ಲ. ಹೋಗಲಿ, ಇಲಿ ಅಷ್ಟೊತ್ತು ಸುಮ್ಮನ ಮಲಗತೈತೇನು?"

"ಮಂಪರು ಬರೋ ಗಾಳಿ ಕೊಡ್ತೀವಿ, ಚಾಚಾ."

ಚಾಚಾ ಪಾನಾ ಕೆಳಗಿಟ್ರು. ಅಂಗಡಿ ಮುಂದ ನಿಂತು "ಆತೇನ್ರಿ, ಆತೇನ್ರಿ" ಅಂತಿದ್ದ ಗಿರಾಕಿಗಳನ್ನ ಒಂದು ಸುತ್ತು ನೋಡಿದ್ರು. "ಆ ಗಾಳಿ ಎಲ್ಲಿ ಸಿಗತೈತಿ?"

೩. ಹಲ್ಲು ತೋರಿಸು

ಇವೆಲ್ಲಾ ನಗೋ ಮಾತು. ನಮ್ಮ ಕಾಕಾನ ಅನುಮಾನ ಮಾತ್ರ ನನ್ನ ನಿದ್ದಿ ಕೆಡಿಸಿತ್ತು.

ಕಾಕಾ ದನದ ಸಂತಿಯಾಗ ದಲಾಲಿ. ಕೆಲವು ತಿಂಗಳು ಆತನ ಮನಸ್ಸು ಏರತೈತಿ: ನಿದ್ದಿಲ್ಲ, ಮಾತು ನಿಲ್ಲಂಗಿಲ್ಲ, ಯಾರೂ ಕೇಳದ ಎತ್ತು ಹೊಡಕೊಂಡು ಬರ್ತಾನ. ಆಮ್ಯಾಲೆ ಇಳಿತೈತಿ: ಜಳಕಿಲ್ಲ, ಊಟಿಲ್ಲ, ಗ್ವಾಡಿ ಕಡೆ ಮಾರಿ. ಹೋದ ಸಲ ಇಳಿದಾಗ ಚಿಗವ್ವ ಒಂದು ತಿಂಗಳು ಆತನ ಬಿಟ್ಟು ಕದಲಿರಲಿಲ್ಲ. ಗುಳಿಗಿ ಶುರುವಾದ ಮ್ಯಾಲೆ ಚೊಲೋ ಇದ್ದ. ಈಗ ನೋಡಿದ್ರ ಹದಿನೈದು ದಿನದಿಂದ ಗುಳಿಗಿ ಬಿಟ್ಟಾನ!

"ನಾನು ತಿನ್ನೋಕಿಂತ ಮೊದಲು ಇದನ್ನ ಯಾರು ತಿಂದಾರ?" ಅಂದ ಕಾಕಾ.

"ಇಲಿ ತಿಂದಾವ." ಫೋನಿನ್ಯಾಗ ಇಲಿ ಮಿದುಳಿನ ಚಿತ್ರ ತೋರಿಸಿದೆ. "ಇದೂ ನಿನ್ನಂಗ ನಿದ್ದಿ ಬಿಟ್ಟು ಓಡಾಡ್ತಿತ್ತು. ಔಷಧ ಕೊಟ್ಟ ಮ್ಯಾಲೆ ತಣ್ಣಗಾತು."

ಕಾಕಾ ಫೋನ್ ಇಸಗೊಂಡು ಹಿಂದ ಮುಂದ ತಿರುಗಿಸಿದ. "ಹಲ್ಲು ತೋರಿಸು."

"ಇದು ಮಿದುಳು, ಕಾಕಾ!"

"ಹಲ್ಲು ನೋಡದ ಯಾವ ಪ್ರಾಣಿನೂ ನಂಬಿದವನಲ್ಲ ನಾನು. ಮನಸ್ಸು ಹಗುರಾತು ಅಂತ ಇಲಿ ಬಾಯಿಬಿಟ್ಟು ಹೇಳೈತೇನು?"

"ಇಲ್ಲ."

"ಮತ್ತ? ಅದರ ಪರವಾಗಿ ನೀನು ಹೇಳೋದು ದಲಾಲಿ ಮಾತ ಅಲ್ಲೇನು!"

ನಮ್ಮ ದೊಡ್ಡ ವಿಜ್ಞಾನಿಗಳು ತಲಿ ಕೆರಕೊಳ್ಳೋದೂ ಅದ ಪ್ರಶ್ನಿಗೆ.

೪. ಟವಲಿನ ಕೆಳಗ

ನಾನೂ ಚಿಗವ್ವನೂ ಕೈ ಕಾಲು ಹಿಡಿದು ಹರಪನಹಳ್ಳಿ ಡಾಕ್ಟರ ಹತ್ತಿರ ಕರಕೊಂಡು ಹೋದ್ವಿ. ಡಾಕ್ಟರು ರಕ್ತದ ರಿಪೋರ್ಟ್ ನೋಡಿ, ಚೀಟಿ ಬರದು ನನ್ನ ಕೈಗೆ ಕೊಟ್ರು. ಕಾಕಾ ಕಿಡಿಕಿಡಿಯಾದ.

"ನನ್ನ ಕೇಳದ ಬರದುಬಿಟ್ರೇನ್ರಿ? ನುಂಗೋನು ನಾನೋ, ಈಕಿಯೋ?"

ನಾನು ಬಾಯಿ ಹಾಕಾಕ ಹೋದೆ. ಡಾಕ್ಟರು ಕೈ ಎತ್ತಿ ತಡದ್ರು. ಅವರೂ ನಮ್ಮ ಕಡೆಯವರ. ಪೆನ್ನು ಜೇಬಿಗೆ ಹಾಕ್ಕೊಂಡು ಕುರ್ಚಿ ಮುಂದ ಎಳಕೊಂಡ್ರು.

"ಹೌದ್ರಿ ಯಜಮಾನ್ರ, ತಪ್ಪಾತು. ಟವಲ್ ಹಾಕ್ರಿ, ಮಾತಾಡೋಣ."

ಸಂತಿಯಾಗ ಬೆಲಿ ಕುದುರಿಸೋದು ಹಂಗ. ಇಬ್ಬರ ಕೈ ಮ್ಯಾಲೆ ಟವಲ್ ಹಾಕಿ, ಒಳಗ ಬೆರಳು ಹಿಡಿದು ಲೆಕ್ಕ ಹೇಳ್ತಾರ. ಹೊರಗಿನವರಿಗೆ ಗೊತ್ತಾಗಂಗಿಲ್ಲ. ಕೈ ಕೊಟ್ಟು ಮುಗಿಸಿದ ಮ್ಯಾಲೆ ಮಾತು ತಪ್ಪಂಗಿಲ್ಲ.

ಕಾಕಾ ಹೆಗಲ ಮ್ಯಾಲಿನ ಟವಲ್ ಕೊಡವಿ ಹಾಕಿದ. ಡಾಕ್ಟರು ಒಳಗ ಏನೋ ಹಿಡದ್ರು. ಕಾಕಾ "ಅಯ್ಯೋ, ಸಾಯಿಸ್ತೀರೇನ್ರಿ!" ಅಂತ ಕೈ ಜಗ್ಗಿದ. ಮತ್ತ ಹಿಡದ. ಡಾಕ್ಟರು ತಲಿ ಅಲ್ಲಾಡಿಸಿದ್ರು. ಹೊರಗ ಪೇಷಂಟುಗಳು ಬಾಗಿಲ ಬಡಿಯಾಕತ್ತಿದ್ರು. ಚಿಗವ್ವ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ಲು.

"ಆತು!" ಅಂದ ಕಾಕಾ, ಟವಲ್ ಎತ್ತಿ. "ಇನ್ನು ಒಂದು ದಿನಾನೂ ತಪ್ಪಂಗಿಲ್ಲ. ಮಾತು ಅಂದ್ರ ಮಾತು."

ಚಿಗವ್ವ ಅಲ್ಲೇ ಅತ್ತುಬಿಟ್ಲು.

ಹೊರಗ ಬಂದ ಮ್ಯಾಲೆ ಕಾಕಾ ಮೀಸಿ ತಿರುವಿದ. "ದಿನಕ್ಕ ನಾಕು ಗುಳಿಗಿ ಅಂದಿದ್ರು. ಎರಡಕ್ಕ ಇಳಿಸಿದೆ!"

ಕೈಯಾಗಿನ ಚೀಟಿ ನೋಡಿದೆ. ಡಾಕ್ಟರು ಟವಲ್ ಹಾಕೋಕಿಂತ ಮೊದಲ ಎರಡು ಗುಳಿಗಿ ಅಂತ ಬರದಿದ್ರು. ಚೀಟಿ ಮಡಚಿ ಬ್ಯಾಗಿಗೆ ಹಾಕ್ಕೊಂಡೆ.

ಕಾಕಾ ಆಕಡೆ ಈಕಡೆ ನೋಡಿ, ನನ್ನ ಕಿವಿ ಹತ್ತಿರ ಬಗ್ಗಿದ. "ಯಾರಿಗೂ ಹೇಳಬ್ಯಾಡ. ಪಾಪ, ಡಾಕ್ಟ್ರಿಗೆ ವ್ಯಾಪಾರ ಬರಂಗಿಲ್ಲ. ಅವರು ಇನ್ನೊಂದು ಸ್ವಲ್ಪ ಜಗ್ಗಿದ್ರ ನಾನು ಮೂರಕ್ಕೂ ಒಪ್ತಿದ್ದೆ."