ಸೀಗಡಿಯ ಮನೆಗೆ ಮೈಲುತುತ್ತು

ಬೇಕೆಂದು ಬೆಳೆಸಿದ್ದು ಮುಖ ಸಿಂಡರಿಸಿಕೊಂಡು ಬೆಳೆಯುತ್ತದೆ, ಬೇಡವೆಂದದ್ದು ಮಾತ್ರ ಯಾರ ಹಂಗೂ ಇಲ್ಲದೆ ಸೊಂಪಾಗಿ ಬರುತ್ತದೆ ಎಂಬುದು ನನ್ನ ಇಷ್ಟು ವರ್ಷದ ಬದುಕಿನ ಸಾರ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ನಾನು ದೂರ ಹೋಗಬೇಕಾಗಿಲ್ಲ, ಕನ್ನಡಿಯ ಮುಂದೆ ನಿಂತರೆ ಸಾಕು. ನೆತ್ತಿಯ ಮೇಲೆ ನಾಲ್ಕು ಕೂದಲು ಉಳಿಯಲಿ ಎಂದು ನಾನು ತಿಕ್ಕದ ಎಣ್ಣೆಯಿಲ್ಲ. ಅಲ್ಲಿ ಏನೂ ಬರಲಿಲ್ಲ. ಎಣ್ಣೆಯ ವಾಸನೆಯನ್ನೂ ಕಾಣದ ಕಿವಿಯೊಳಗೆ ಮಾತ್ರ ಈಗ ಕತ್ತರಿ ಹಾಕುವಷ್ಟು ಬೆಳೆ. ಹೀಗಿರುವಾಗ ನನ್ನ ಮನೆಯ ಸಮುದ್ರದೊಳಗೂ ಅದೇ ಕಥೆ ನಡೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮನೆಯ ಸಮುದ್ರ ಎಂದರೆ ನೀವು ಹುಬ್ಬೇರಿಸಬೇಡಿ. ಪುತ್ತೂರಿನ ನಮ್ಮ ಮನೆಯ ಹಾಲ್‌ನಲ್ಲಿ, ಮೊದಲು ಟೀವಿ ಇದ್ದ ಜಾಗದಲ್ಲಿ, ಉಪ್ಪುನೀರಿನ ಒಂದು ದೊಡ್ಡ ಗಾಜಿನ ಟ್ಯಾಂಕು ಇದೆ. ಕಡಬದಲ್ಲಿ ರಬ್ಬರ್ ತೋಟ ಮಾಡಿಕೊಂಡಿರುವ ನನ್ನ ಗೆಳೆಯ, ಮಲಯಾಳಿ ಮತ್ತಾಯಿ ಚೇಟನ ತಮ್ಮ ಗಲ್ಫಿನಿಂದ ಬರುವಾಗ ಈ ಹುಚ್ಚನ್ನೂ ಜೊತೆಗೆ ತಂದಿದ್ದ. ಹುಚ್ಚು ಇಳಿದ ಮೇಲೆ ಟ್ಯಾಂಕು ನನ್ನ ಪಾಲಿಗೆ ಬಂತು. ಒಳಗೆ ಬಂಡೆ, ಬಂಡೆಯ ಮೇಲೆ ಹವಳದ ಜೀವಗಳು, ಕಿತ್ತಳೆ ಬಣ್ಣದ ಎರಡು ಮೀನು, ಕೆಂಪು ಬೆನ್ನಿನ ಮೇಲೆ ಬಿಳಿ ಪಟ್ಟೆಯೆಳೆದುಕೊಂಡ ಒಂದು ಸೀಗಡಿ. ಸಾಮಾನ್ಯ ಅಕ್ವೇರಿಯಂ ಸಾಕುವವರು ಮೀನಿಗೆ ಆಹಾರ ಹಾಕಿ ಸುಮ್ಮನಿರುತ್ತಾರೆ. ನಾವು ಹಾಗಲ್ಲ. ಪ್ಯಾಕೇಟಿನಲ್ಲಿ ಬರುವ ಸಮುದ್ರದ ಉಪ್ಪನ್ನು ನೀರಿಗೆ ಕದಡಿ, ಅಳೆದು, ಮತ್ತೆ ಕದಡಿ, ಸಮುದ್ರವನ್ನೇ ಮನೆಯಲ್ಲಿ ತಯಾರಿಸುವವರು. "ಒಂದೂವರೆ ಗಂಟೆ ಬಸ್ಸಲ್ಲಿ ಕೂತರೆ ಮಂಗಳೂರಲ್ಲಿ ಸಮುದ್ರ ಪುಕ್ಕಟೆ ಉಂಟಲ್ಲ" ಎಂದು ಹೇಳದ ನೆಂಟರು ನಮಗಿಲ್ಲ. ಬೆಳಿಗ್ಗೆ ಸ್ಕೂಟರಿನಲ್ಲಿ ಹಾರ್ನ್ ಹಾಕುತ್ತ ಬರುವ ಮೀನಿನವನಂತೂ ಒಮ್ಮೆ ಬಾಗಿಲಲ್ಲೇ ನಿಂತು ಟ್ಯಾಂಕನ್ನು ದಿಟ್ಟಿಸಿ, "ಸಾರ್, ಇದು ಸಾರಿಗೆ ಸಾಕಾಗ್ಲಿಕ್ಕಿಲ್ಲ" ಎಂದು ಮರುಕದಿಂದ ಹೇಳಿಹೋದ.

ನನ್ನ ಹೆಂಡತಿ ಸುಮಿತ್ರಾ ಶುರುವಿನಲ್ಲಿ ಈ ಟ್ಯಾಂಕಿನ ಕಟ್ಟಾ ವಿರೋಧಿ. ಟೀವಿ ಮೂಲೆಗೆ ಸರಿದದ್ದೇ ಅದಕ್ಕೆ ಕಾರಣ. ಆದರೆ ಒಂದು ದಿನ ಬಿದ್ದ ಚಮಚ ತೆಗೆಯಲು ಅವಳು ನೀರಿಗೆ ಕೈ ಹಾಕಿದಾಗ ಆ ಸೀಗಡಿ ಬಂಡೆಯ ಸಂದಿಯಿಂದ ಇಳಿದು ಬಂದು, ಅವಳ ಬೆರಳ ಮೇಲೆ ಹತ್ತಿ ಕುಳಿತು, ಉಗುರಿನ ಸಂದುಗಳನ್ನೆಲ್ಲ ಸಣ್ಣ ಕೈಗಳಿಂದ ಶುಚಿ ಮಾಡತೊಡಗಿತು. ಅದರ ಕಸುಬೇ ಅದು, ಮೀನುಗಳ ಮೈ ಶುಚಿ ಮಾಡುವುದು. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ತನ್ನ ಕೈಯನ್ನು ಅಷ್ಟು ಪ್ರೀತಿಯಿಂದ ಹಿಡಿದುಕೊಂಡ ಜೀವ ಅದೊಂದೇ ಎಂದು ಅವಳು ನನ್ನ ಎದುರಿಗೇ ಹೇಳಿದಳು. ಆವತ್ತಿನಿಂದ ಅದಕ್ಕೆ ಪುಟ್ಟಕ್ಕ ಎಂದು ಹೆಸರಾಯಿತು. ಪಾತ್ರೆ ತೊಳೆದಾದ ಮೇಲೆ ಅವಳು ಕೈಯನ್ನು ಒಳ್ಳೆ ನೀರಿನಲ್ಲಿ ತೊಳೆದು, ಟ್ಯಾಂಕಿಗೆ ಇಳಿಬಿಟ್ಟು, ಪುಟ್ಟಕ್ಕನ ಹತ್ತಿರ ದಿನದ ಸುದ್ದಿಯೆಲ್ಲ ಹೇಳುವುದು ರೂಢಿಯಾಯಿತು. ನನ್ನ ಬಗ್ಗೆಯೂ ಹೇಳುತ್ತಿದ್ದಳೆಂದು ಕಾಣುತ್ತದೆ, ಯಾಕೆಂದರೆ ನನ್ನ ಕೈ ಕಂಡರೆ ಪುಟ್ಟಕ್ಕ ಒಳಗೆ ಹೋಗುತ್ತಿತ್ತು.

ಹೀಗೆ ಸಂಸಾರ ಸುಖವಾಗಿ ನಡೆಯುತ್ತಿರುವಾಗ ಪಾಚಿ ಬಂತು. ಮೊದಲು ಬಂಡೆಯ ತುದಿಯಲ್ಲಿ ಎಳೆ ಮೀಸೆಯಷ್ಟು. "ಎಷ್ಟು ಚೆಂದ, ಹಸಿರು ಹಸಿರು" ಎಂದು ನಾನೇ ಮೆಚ್ಚಿದೆ. ಸ್ವಲ್ಪ ಸಮಯದಲ್ಲಿ ಮೀಸೆ ಗಡ್ಡವಾಯಿತು, ಗಡ್ಡ ಜಡೆಯಾಯಿತು. ಹವಳಗಳು ಆ ಜಡೆಯ ಅಡಿಯಲ್ಲಿ ಉಸಿರು ಕಟ್ಟಿಕೊಂಡು ಬಾಯಿ ಮುಚ್ಚಿದವು. ಹಲ್ಲುಜ್ಜುವ ಹಳೆ ಬ್ರಷ್ ಹಿಡಿದು ಉಜ್ಜಿದೆ. ಉಜ್ಜಿದಷ್ಟೂ ತುಂಡುಗಳು ತೇಲಿಹೋಗಿ ಇನ್ನೊಂದು ಕಡೆ ಬೇರೆ ಮನೆ ಮಾಡಿದವು. ಕೈಯಿಂದ ಕಿತ್ತೆ, ದೀಪ ಆರಿಸಿ ಕತ್ತಲೆ ಮಾಡಿದೆ, ನೀರು ಬದಲಿಸಿದೆ. ಮಂಗಳೂರಿನ ಅಂಗಡಿಯವನ ಮಾತು ಕೇಳಿ, ಪಾಚಿ ತಿನ್ನುತ್ತದೆಂಬ ಹಳದಿ ಬಣ್ಣದ ಒಂದು ಚಪ್ಪಟೆ ಮೀನನ್ನೂ ತಂದುಬಿಟ್ಟೆ. ಅದು ಮೊದಲ ದಿನ ಪಾಚಿಯನ್ನು ಮೂಸಿ ನೋಡಿತು. ಅಷ್ಟರಲ್ಲಿ ಅದು ಹೊಸದೆಂಬ ಪ್ರೀತಿಯಿಂದ ನಾನು ಒಂದು ಚಿಟಿಕೆ ಮೀನಿನ ಆಹಾರದ ಕಾಳು ಹಾಕಿದೆ. ನಾನು ಹಾಕಿದ್ದು ಗೊತ್ತಿಲ್ಲದೆ ಸುಮಿತ್ರಾ ಒಂದು ಚಿಟಿಕೆ. ಬಂದವರು ಹೋದವರು, "ಪಾಪ, ನಮ್ಮನ್ನೇ ನೋಡ್ತಾ ಉಂಟು" ಎಂದು ಒಂದೊಂದು ಚಿಟಿಕೆ. ಹೀಗೆ ಕೂತಲ್ಲಿಗೇ ಊಟ ಬರುವಾಗ ಹುಲ್ಲು ಮೇಯಲು ಅದಕ್ಕೇನು ಹುಚ್ಚೇ? ಉಳಿದ ಕಾಳು ಕೊಳೆತು ಪಾಚಿಗೆ ಗೊಬ್ಬರವಾಯಿತು. ಒಮ್ಮೆ ಮನೆಗೆ ಬಂದ ಮತ್ತಾಯಿ ಚೇಟ ಮಾತ್ರ ಇದೆಲ್ಲವನ್ನು ನೋಡಿ ತುಂಬ ಸಂತೋಷಪಟ್ಟ. "ಸಾರೇ, ನಾವು ರಬ್ಬರಿನ ಬುಡದಲ್ಲಿ ದುಡ್ಡು ಕೊಟ್ಟು ಬಳ್ಳಿ ಹಬ್ಬಿಸೂದು, ಬೇರೆ ಕಳೆ ಬರಬಾರ್ದು ಅಂತ. ನಿಮಗೆ ತನ್ನಷ್ಟಕ್ಕೇ ಬಂದಿದೆಯಲ್ಲ!"

ಈ ಹೊತ್ತಿಗೇ ನನ್ನ ಮಾವ, ಸುಮಿತ್ರಾಳ ಅಪ್ಪ, ಬೆಳ್ಳಾರೆಯಿಂದ ಬಂದು ನಮ್ಮಲ್ಲಿ ಉಳಿದುಕೊಂಡರು. ಪುತ್ತೂರಿನಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದ್ದೆವು. ಪೊರೆ ಇರುವಾಗ ನಮ್ಮ ಮನೆಯನ್ನು ತುಂಬ ಮೆಚ್ಚಿಕೊಂಡಿದ್ದ ಮನುಷ್ಯ. ಪೊರೆ ಹೋದದ್ದೇ ಹೋದದ್ದು, ಮೂಲೆಯ ಜೇಡರ ಬಲೆ, ಗೋಡೆಯ ಬಿರುಕು, ಅಳಿಯನ ನೆತ್ತಿ, ಎಲ್ಲವೂ ಒಂದೊಂದಾಗಿ ಕಣ್ಣಿಗೆ ಬೀಳತೊಡಗಿದವು. ಮಗಳ ಹತ್ತಿರ ಮನೆಮಾತಾದ ಅರೆಭಾಷೆಯಲ್ಲಿ, ನನ್ನ ಹತ್ತಿರ ಮರ್ಯಾದೆಯ ಕನ್ನಡದಲ್ಲಿ ವರದಿ ಒಪ್ಪಿಸುತ್ತಿದ್ದರು. ಕೊನೆಗೆ ಟ್ಯಾಂಕಿನ ಮುಂದೆ ಬಂದು ನಿಂತರು.

"ಇದೆಂತ ಮಾರಾಯ್ರೆ, ಪಾಚಿಯಾ?"

"ಹೌದು ಮಾವ, ಎಂತ ಮಾಡಿದರೂ ಹೋಗುವುದಿಲ್ಲ."

"ಹೋಗದೆ ಎಂತ? ಒಂದು ಸಲ ಮದ್ದು ಬಿಟ್ರೆ ಆಯ್ತು."

ನಮ್ಮ ಕಡೆ ಮದ್ದು ಬಿಡುವುದೆಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಮೈಲುತುತ್ತನ್ನೂ ಸುಣ್ಣವನ್ನೂ ನೀರಿಗೆ ಹದವಾಗಿ ಸೇರಿಸಿದರೆ ನೀಲಿ ಬಣ್ಣದ ಒಂದು ದ್ರಾವಣವಾಗುತ್ತದೆ. ಅಡಿಕೆಗೆ ಕೊಳೆರೋಗ ಬಾರದಂತೆ ಅದನ್ನು ಗೊನೆಗಳಿಗೆ ಸಿಂಪಡಿಸುತ್ತಾರೆ. ಮಾವನಿಗೆ ಅದರ ಮೇಲೆ ಇರುವ ನಂಬಿಕೆ ಡಾಕ್ಟರ ಮೇಲೂ ಇಲ್ಲ. ಆ ವರ್ಷ ಕಣ್ಣಿನ ದೆಸೆಯಿಂದ ತೋಟಕ್ಕೆ ಮಳೆಗಾಲದಲ್ಲಿ ಬಿಡುವ ಎರಡನೇ ಮದ್ದನ್ನು ಮಗನಿಗೆ ಬಿಟ್ಟುಕೊಟ್ಟು ಬಂದಿದ್ದರು, ಹಾಗಾಗಿ ಕೈ ತುರಿಸುತ್ತಿತ್ತು. ಮೈಲುತುತ್ತಿನಲ್ಲಿರುವುದು ತಾಮ್ರ. ತಾಮ್ರದ ಒಂದಿಷ್ಟು ಅಂಶ ನೀರಿಗೆ ಬಿದ್ದರೂ ಮೊದಲು ಸಾಯುವುದು ಸೀಗಡಿ, ಆಮೇಲೆ ಹವಳ. ಇದನ್ನು ನಾನು ಮಾವನಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, "ಇಷ್ಟು ವರ್ಷ ಬಿಟ್ಟಿದ್ದೇನೆ, ಒಂದು ಅಡಿಕೆ ಮರವಾದ್ರೂ ಸತ್ತಿದಾ?" ಎಂದರು.

ಮರುದಿನ ನಾನು ಸುಳ್ಯದಲ್ಲಿದ್ದೆ. ಅಲ್ಲಿಯ ಒಂದು ಕಾಲೇಜಿನಲ್ಲಿ ಹುಡುಗರಿಗೆ ವಾಣಿಜ್ಯಶಾಸ್ತ್ರ ಕಲಿಸುವುದು ನನ್ನ ಹೊಟ್ಟೆಪಾಡು. ಮಧ್ಯಾಹ್ನ ಸುಮಿತ್ರಾಳ ಫೋನು. ಅವಳು ಕೆದಂಬಾಡಿಯಲ್ಲಿ ತನ್ನ ಚಿಕ್ಕಮ್ಮನ ಮಗಳ ಸೀಮಂತಕ್ಕೆ ಹೋಗಿದ್ದಳು. "ಊಟ ಮಾಡಿದ್ರಾ ಕೇಳ್ಲಿಕ್ಕೆ ಅಪ್ಪನಿಗೆ ಫೋನ್ ಮಾಡಿದೆ. ಪೇಟೆಗೆ ಹೋಗಿ ಮೈಲುತುತ್ತು, ಸುಣ್ಣ ಎಲ್ಲ ತಂದಾಯ್ತಂತೆ. ನೀವು ಬರುವುದರೊಳಗೆ ಪಾಚಿಯ ಕಥೆ ಮುಗಿಸ್ತೇನೆ ಅಂತ ಹೇಳಿ ಫೋನ್ ಇಟ್ರು. ಈಗ ಎಷ್ಟು ಮಾಡಿದ್ರೂ ಎತ್ತುದೇ ಇಲ್ಲ." ಎತ್ತುವುದು ಹೇಗೆ? ಮಾವ ಕೆಲಸಕ್ಕೆ ಇಳಿಯುವಾಗ ಫೋನನ್ನು ಫ್ರಿಜ್ಜಿನ ಮೇಲಿಡುತ್ತಾರೆ.

ಅರ್ಧ ದಿನ ರಜೆ ಹಾಕಿ ಪುತ್ತೂರು ಬಸ್ಸು ಹತ್ತಿದೆ. ಕೆದಂಬಾಡಿಗೆ ಹತ್ತಿರದ ಕುಂಬ್ರದಲ್ಲಿ ಸುಮಿತ್ರಾ ಅದೇ ಬಸ್ಸಿಗೆ ಹತ್ತಿದಳು, ಸೀಮಂತದ ಸೀರೆಯಲ್ಲಿ, ಮಲ್ಲಿಗೆ ಮುಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು. ಕುಳಿತವಳೇ "ಪುಟ್ಟಕ್ಕ ಬದುಕಿರ್ಲಿಕ್ಕಿಲ್ಲ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಪಕ್ಕದ ಸೀಟಿನ ಹೆಂಗಸು ಈ ಕಡೆ ಬಾಗಿದಳು.

"ಎಂತ ಆಯ್ತು ಅಕ್ಕ?"

"ವಿಷ. ನೀರಿಗೆ ಬಿದ್ದಿದೆ."

"ಅಯ್ಯೋ ದೇವರೇ! ಎಷ್ಟು ಪ್ರಾಯ?"

"ಎರಡು ವರ್ಷ ಆಗ್ಲಿಲ್ಲ."

ಆ ಹೆಂಗಸು ಎದೆ ಹಿಡಿದುಕೊಂಡಳು. ಎದುರಿನ ಸೀಟಿನವರು ತಿರುಗಿದರು. ಯಾರೋ ಕಂಡಕ್ಟರಿಗೆ ಸುದ್ದಿ ಮುಟ್ಟಿಸಿದರು. ಅವನು ಡ್ರೈವರನ ಹತ್ತಿರ, "ಸ್ವಲ್ಪ ಬೇಗ ಬಿಡಿ, ಮಗು ಸೀರಿಯಸ್ ಅಂತೆ" ಎಂದ. ಬಸ್ಸು ಹಾರತೊಡಗಿತು. ಈಗ ನಾನು ಎದ್ದು ನಿಂತು, ಸೀರಿಯಸ್ ಆದದ್ದು ಸೀಗಡಿ ಎಂದು ಹೇಳಬೇಕಿತ್ತು. ನನ್ನಿಂದಾಗಲಿಲ್ಲ. ಅಷ್ಟು ಜನರ ಕರುಣೆಯನ್ನು ನಡುದಾರಿಯಲ್ಲಿ ವಾಪಸು ಕೊಡುವುದು ಹೇಗೆ? ಅಲ್ಲದೆ, ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೂ ಅಳು ಬರುವ ಹಾಗಾಗಿತ್ತು. ನನ್ನನ್ನು ಕಂಡರೆ ಒಳಗೆ ಹೋಗುವ ಜೀವವಾದರೂ ಅದು ನಮ್ಮ ಮನೆಯದು. ಅದಿಲ್ಲದೆ ಸುಮಿತ್ರಾ ಸಂಜೆ ಯಾರ ಹತ್ತಿರ ಮಾತಾಡುವುದು? ನನ್ನ ಹತ್ತಿರವೇ ಮಾತಾಡಬೇಕಾಗಬಹುದು ಎಂಬುದೂ ಹೊಳೆಯಿತು.

ಮನೆ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲಲ್ಲಿ ನಮ್ಮ ನೀಲಿ ಪ್ಲಾಸ್ಟಿಕ್ ಬಕೇಟು, ಅದರ ತುಂಬ ನೀಲಿ ಮದ್ದು. ಮದ್ದಿಗೆ ಕಬ್ಬಿಣದ ಪಾತ್ರೆ ಆಗುವುದಿಲ್ಲವೆಂದು ಮಾವ ಬಚ್ಚಲಿನಿಂದ ಅದನ್ನೇ ಆರಿಸಿದ್ದರು. ಪಕ್ಕದಲ್ಲಿ ನೆರೆಮನೆಯಿಂದ ತಂದ ಪಂಪು. ಒಳಗೆ ಟ್ಯಾಂಕಿನ ಮುಂದೆ, ತಲೆಗೆ ಬೈರಾಸು ಸುತ್ತಿ, ಆಪರೇಷನ್ನಿನ ಕಪ್ಪು ಕನ್ನಡಕ ಹಾಕಿಕೊಂಡು, ಮಾವ ಸ್ಟೂಲಿನ ಮೇಲೆ ಕುಳಿತಿದ್ದರು. ಮುಖ ಕೆಂಪಾಗಿತ್ತು.

"ಮಾವ, ಬಿಟ್ರಾ?" ಎಂದೆ.

"ಎಂತ ಬಿಡುದು?" ಮಾವ ಸಿಡುಕಿದರು. "ಆಗಿಂದ ಕಾಯ್ತಾ ಇದ್ದೇನೆ. ಹೀಗೆ ಒದ್ದೆ ಚಂಡಿ ಇರುವಾಗ ಯಾರಾದ್ರೂ ಮದ್ದು ಬಿಡ್ತಾರಾ ಮಾರಾಯ್ರೆ? ಗೊನೆಯಲ್ಲಿ ಒಂದು ಹನಿ ನೀರಿದ್ರೆ ನಾನು ಪಂಪು ಮುಟ್ಟುದಿಲ್ಲ. ಒಣಗ್ಬೇಕು, ಬಿಸಿಲು ಬೀಳ್ಬೇಕು, ಆಗ ಮದ್ದು ಹಿಡಿತದೆ. ನೀವು ಇದನ್ನು ಕುತ್ತಿಗೆವರೆಗೆ ನೀರಲ್ಲಿ ಮುಳುಗಿಸಿ ಇಟ್ಟಿದ್ದೀರಿ. ಮೊದಲು ಈ ನೀರು ಖಾಲಿ ಮಾಡಿ, ಒಂದು ನಾಲ್ಕು ದಿನ ಒಣಗಿಸಿ ಕೊಡಿ. ಮತ್ತೆ ನೋಡಿ ನನ್ನ ಕೆಲಸ."

ಸುಮಿತ್ರಾ ಯಾವ ಮಾತನ್ನೂ ಕೇಳುತ್ತಿರಲಿಲ್ಲ. ಬಳೆ ಸರಿಸಿ ಕೈಯನ್ನು ನೀರಿಗಿಳಿಸಿದ್ದಳು. ಬಂಡೆಯ ಸಂದಿಯಲ್ಲಿ ಪಾಚಿಯ ಜಡೆ ಅಲುಗಿತು. ಮೊದಲು ಎರಡು ಬಿಳಿ ಮೀಸೆ, ಆಮೇಲೆ ಕೆಂಪು ಬೆನ್ನು. ಪುಟ್ಟಕ್ಕ ನಿಧಾನವಾಗಿ ಇಳಿದು ಬಂದು ಅವಳ ಹೆಬ್ಬೆರಳ ಮೇಲೆ ಕುಳಿತು, ಸೀಮಂತದ ಮನೆಯ ಅರಿಶಿನದ ಕಲೆಯನ್ನು ಉಜ್ಜತೊಡಗಿತು. ಸುಮಿತ್ರಾ ಅಳುತ್ತಲೇ ನಕ್ಕಳು. ನನ್ನ ಎದೆಯ ಮೇಲಿಂದ ಅಡಿಕೆ ಮೂಟೆಯೊಂದನ್ನು ಯಾರೋ ಇಳಿಸಿದ ಹಾಗಾಯಿತು. ಮಾವನ ಕಾಲಿಗೆ ಬೀಳೋಣವೆನಿಸಿತು, ಅವರು ತಪ್ಪು ತಿಳಿದಾರೆಂದು ಬೀಳಲಿಲ್ಲ. ಶಿಸ್ತಿನ ಕೃಷಿಕನನ್ನೇ ಮಾವನನ್ನಾಗಿ ಕೊಟ್ಟ ದೇವರಿಗೆ ಮಾತ್ರ ಮನಸ್ಸಿನಲ್ಲೇ ಕೈಮುಗಿದೆ.

ಮಾಡಿದ ಮದ್ದನ್ನು ಅದೇ ದಿನ ಮುಗಿಸಬೇಕೆಂಬುದು ಮಾವನ ಇನ್ನೊಂದು ನಿಯಮ. ನೆರೆಮನೆಯವರ ಮಳೆನೀರು ಆರಿದ್ದ ಕಾಳುಮೆಣಸಿನ ಬಳ್ಳಿಗೆ ಬಿಟ್ಟೆವು. ಮಾವನಿಗೆ ಕಣ್ಣಿನ ಪಥ್ಯ, ನನಗೆ ಕೆಲಸ. ನಾನು ಅಷ್ಟು ಖುಷಿಯಿಂದ ಪಂಪು ಹೊತ್ತದ್ದು ಅದೇ ಮೊದಲು. ಮುಗಿದ ಮೇಲೆ ಬಕೇಟನ್ನು ಎರಡು ಸಲ ತೊಳೆದು, ಇನ್ನು ಬಚ್ಚಲಿಗೆ ಬೇಡವೆಂದು ಟೆರೇಸಿನಲ್ಲಿ ಕವುಚಿಟ್ಟೆ.

ಆ ಸಂಜೆಯೇ ಸುಮಿತ್ರಾ ಮೀನಿನ ಕಾಳಿನ ಡಬ್ಬಿಯನ್ನು ತನ್ನ ಚಿನ್ನವಿರುವ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ದಿನಕ್ಕೆ ಒಂದೇ ಚಿಟಿಕೆ, ಅದೂ ಅವಳ ಕೈಯಿಂದ. ಹಳದಿ ಮೀನು ಎರಡು ದಿನ ಗಾಜಿಗೆ ಮೂತಿ ಒತ್ತಿ ನನ್ನನ್ನು ನೋಡಿತು. ನನ್ನ ಕೈಯಲ್ಲಿ ಕೀಲಿಕೈ ಇಲ್ಲವೆಂದು ತಿಳಿದ ಮೇಲೆ ಬೇಸರದಿಂದ ಪಾಚಿಗೆ ಬಾಯಿ ಹಾಕಿತು. ನಾನು ಕಿತ್ತದ್ದಷ್ಟು, ಅದು ಮೇಯ್ದದ್ದಷ್ಟು. ಮಳೆಗಾಲ ಮುಗಿಯುವ ಹೊತ್ತಿಗೆ ಬಂಡೆ ಬೋಳಾಯಿತು, ಹವಳಗಳು ಮತ್ತೆ ಬಾಯಿ ಬಿಟ್ಟವು. ದಿನಾ ಸಂಜೆ ಟ್ಯಾಂಕಿನ ಮುಂದೆ ಕುಳಿತು ನಿಟ್ಟುಸಿರು ಬಿಡುವುದೇ ನನಗೊಂದು ಸುಖವಾಯಿತು.

ಸುಖ ಹೆಚ್ಚು ದಿನ ಉಳಿಯಲಿಲ್ಲ. ಪಾಚಿಯ ರುಚಿ ಹತ್ತಿದ ಹಳದಿ ಮೀನು ಈಗ ಕಾಳು ಮುಟ್ಟುವುದಿಲ್ಲ! ಹೊಟ್ಟೆ ಬೆನ್ನಿಗೆ ಹತ್ತಿತು. ಮಂಗಳೂರಿನ ಅಂಗಡಿಯವನನ್ನು ಕೇಳಿದರೆ, "ಸಾರ್, ಒಂದು ಬಕೇಟಿನಲ್ಲಿ ಟ್ಯಾಂಕಿನ ನೀರು, ನಾಲ್ಕು ಕಲ್ಲು ಹಾಕಿ ಬಿಸಿಲಿಗಿಡಿ. ಪಾಚಿ ತನ್ನಷ್ಟಕ್ಕೇ ಬರ್ತದೆ" ಎಂದ. ಇಟ್ಟೆ. ದಿನಾ ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ಟೆರೇಸಿಗೆ ಓಡಿ ಬಗ್ಗಿ ನೋಡಿದೆ. ಟೆರೇಸಿನ ನೆಲದಲ್ಲಿ ಪಾಚಿ, ಗೋಡೆಯಲ್ಲಿ ಪಾಚಿ, ಪೈಪಿನಲ್ಲಿ ಪಾಚಿ. ಬಕೇಟಿನಲ್ಲಿ ಮಾತ್ರ ಕನ್ನಡಿಯಂಥ ನೀರು, ತೊಳೆದಿಟ್ಟಂಥ ಕಲ್ಲು.

ಕಣ್ಣು ತೋರಿಸಲು ಬೆಳ್ಳಾರೆಯಿಂದ ಮತ್ತೆ ಬಂದಿದ್ದ ಮಾವ ಒಂದು ದಿನ ನನ್ನ ಹಿಂದೆಯೇ ಟೆರೇಸಿಗೆ ಬಂದರು. ಬಗ್ಗಿ ಬಕೇಟನ್ನು ನೋಡಿದರು. ಒಳಗೆ ಕೈಯಾಡಿಸಿ, ನೀಲಿ ಬಕೇಟಿನ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದ ನೀಲಿ ಹುಡಿಯನ್ನು ಉಗುರಿನಿಂದ ಕೆರೆದು ನನ್ನ ಮುಂದೆ ಹಿಡಿದರು.

"ಇದು ನಾನು ಮದ್ದು ಕದಡಿದ ಬಕೇಟು. ಹೇಳಿದ್ದೆನಲ್ಲ ಮಾರಾಯ್ರೆ, ನನ್ನ ಮದ್ದು ಬಿದ್ದಲ್ಲಿ ಪಾಚಿ ಬರ್ಲಿಕ್ಕಿಲ್ಲ ಅಂತ."

ಆ ಪೊರೆ ತೆಗೆದ ಕಣ್ಣಿನ ತುಂಬ ಹೆಮ್ಮೆ. ಈ ನೀರಿನಲ್ಲಿ ಪಾಚಿ ಬೆಳೆದು ಅದನ್ನು ಟ್ಯಾಂಕಿಗೆ ಹಾಕಿದ್ದರೆ ಪುಟ್ಟಕ್ಕನ ಗತಿ ಏನಾಗುತ್ತಿತ್ತು ಎಂದು ನೆನೆದು ಬೆವತೆ. ಬೆಳೆಯದಿದ್ದದ್ದೇ ಒಳ್ಳೆಯದಾಯಿತೆಂದು ಪಾಚಿಗೂ ಮನಸ್ಸಿನಲ್ಲೇ ಕೈಮುಗಿದೆ. ಹೊಸ ಬಕೇಟು ತರಲು ಪೇಟೆಗೆ ಹೊರಟಾಗ ಮಾವ ಮೆಟ್ಟಿಲ ಮೇಲಿನಿಂದ ಕೂಗಿ ಹೇಳಿದರು:

"ಈ ಸಲ ಹಸಿರು ಬಣ್ಣದ್ದು ತನ್ನಿ. ಎಂತದೂ ಬೆಳೆಯದಿದ್ರೂ ಬೆಳೆದ ಹಾಗೆ ಕಾಣ್ತದೆ."

ಕಿವಿಯ ಕೂದಲು ತಡವಿಕೊಂಡು ಸ್ವಲ್ಪ ಯೋಚಿಸಿದೆ. ಹಸಿರೇ ತಂದೆ.